ಸ್ಪೀಕರಿನ ಫೇಸ್ ಪ್ಲಗ್: ಬಿಸಿ ಇದ್ದಾಗ ಅಳೆಯಬೇಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಲೇಥ್ ಇದೆ. ದಿನವಿಡೀ ಪಂಪಿನ ಶಾಫ್ಟು, ಬುಶ್ಶು. ನಡುವೆ ಸ್ಪೀಕರ್ ಹುಚ್ಚಿನ ಹುಡುಗರು "ಕಾಕಾ, ಅಲ್ಯೂಮಿನಿಯಂ ಫೇಸ್ ಪ್ಲಗ್ ಮಾಡಿಕೊಡ್ರಿ" ಅಂತ ಬರುತ್ತಾರೆ. ಅಲುಗಿ ಸದ್ದು ಹೊರಡಿಸುವ ಕೋನಿನ ನಡುವೆ ಬುಗುರಿಯಂತೆ ನಿಲ್ಲುವ ತುಂಡು ಅದು. ಕೋನ್ ಅಲುಗುತ್ತದೆ, ಇದು ಅಲುಗುವುದಿಲ್ಲ.

6061 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ರಾಡ್ ತನ್ನಿ. ಹಳೇ ಪಾತ್ರೆ ಕರಗಿಸಿ ಹೊಯ್ದದ್ದು ಬೇಡ, ಒಳಗೆ ತೂತಿರುತ್ತವೆ. ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಸುತ್ತಿದ ಕೊಳವೆಯ ಒಳ ಅಳತೆಗಿಂತ ಪ್ಲಗ್ 1 ಮಿ.ಮೀ. ಕಡಿಮೆ ಇರಲಿ. ಸುತ್ತ ಅರ್ಧರ್ಧ ಮಿ.ಮೀ. ಸಂದು ಬೇಕಲ್ವಾ? ಟೂಲ್ ಚೂಪಾಗಿರಲಿ, ಸೀಮೆಎಣ್ಣೆ ಹಚ್ಚುತ್ತಿರಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಟೂಲಿನ ತುದಿಗೇ ಮೆತ್ತಿಕೊಂಡು ಮೈಯೆಲ್ಲ ಗೀರಾಗುತ್ತದೆ. ಗ್ಲೌಸ್ ಮಾತ್ರ ಹಾಕಬೇಡಿ, ಲೇಥ್ ಕೈಯನ್ನೇ ಎಳೆದುಕೊಳ್ಳುತ್ತದೆ.

ಪೋಲ್ ಪೀಸಿನ (ಮ್ಯಾಗ್ನೆಟ್ಟಿನ ನಡುವಿನ ಕಬ್ಬಿಣದ ತುಂಡು) ತೂತಿಗೆ ಕೂರುವ ಪ್ಲಗ್ಗಿನ ಬಾಲವೇ ಕಷ್ಟದ್ದು. ಮೊದಲ ಸಲ ಬಿಸಿಯಲ್ಲೇ ಅಳೆದು ಬಿಟ್ಟೆ. ಸರಿಯಾಗಿತ್ತು. ಚಹಾ ಕುಡಿದು ಬಂದು ಕೂರಿಸಿದರೆ ಲೊಡಲೊಡ! 25 ಮಿ.ಮೀ. ದಪ್ಪದ ಅಲ್ಯೂಮಿನಿಯಂ 50 ಡಿಗ್ರಿ ಕಾದರೆ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಆರಿದ ಮೇಲೇ ಮೈಕ್ರೋಮೀಟರ್ ಹಿಡಿಯಿರಿ.

ನಡುವೆ ಆರಪಾರ ತೂತು ಹಾಕಿ, ಒಳಗಿನ ಗಾಳಿ ಆಡಲಿ. ಅಲ್ಯೂಮಿನಿಯಂ ಚೂರು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಸಂದಿನಲ್ಲಿ ಬಿದ್ದದ್ದನ್ನು ಅಂಟು ಟೇಪಿನಿಂದ ತೆಗೆಯಿರಿ.