ತಪ್ಪು ಸಾಲಿಗೆ ಸೇರಿದ ಕ್ವೆರಿ: ದೋಷ 8645 ಬಿಡಿಸುವುದು ಹೇಗೆ?

ತಿಂಗಳ ಕೊನೆಯ ಲೆಕ್ಕ ಮುಗಿಸುವ ಹೊತ್ತಿಗೇ ವರದಿ ಅರ್ಧಕ್ಕೆ ನಿಂತು ಪರದೆಯ ಮೇಲೆ 8645 ಮೂಡುತ್ತದೆ. ಸರ್ವರ್‌ಗೆ ಇನ್ನಷ್ಟು ಮೆಮೊರಿ ಹಾಕಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ವಲ್ಪ ತಡೆಯಿರಿ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಈ ಸಂಖ್ಯೆಯ ಅರ್ಥ, ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಮೆಮೊರಿಗಾಗಿ ಕಾದು ಗಡುವು ಮೀರಿತು ಎಂದಷ್ಟೇ.

ಮೊದಲು ದೋಷದ ಸಂದೇಶವನ್ನು ಪೂರ್ತಿ ಓದಿ. ‘ಕ್ವೆರಿಯನ್ನು ಮತ್ತೆ ಓಡಿಸಿ’ ಎಂಬ ಅದರ ಸಲಹೆಯಿಂದ ಹೆಚ್ಚು ಪ್ರಯೋಜನವಿಲ್ಲ. ಆದರೆ ಅದರಲ್ಲೇ ರಿಸೋರ್ಸ್ ಪೂಲ್‌ನ (ಸರ್ವರ್‌ನ ಮೆಮೊರಿ ಮತ್ತಿತರ ಸಂಪನ್ಮೂಲಗಳಲ್ಲಿ ಹಂಚಿಟ್ಟ ಒಂದು ಪಾಲು) ಹೆಸರಿರುತ್ತದೆ. ವರದಿಗಳಿಗೆಂದು ಪ್ರತ್ಯೇಕ ಪೂಲ್ ಮಾಡಿಟ್ಟಿದ್ದರೂ ಅಲ್ಲಿ ‘ಡೀಫಾಲ್ಟ್’ ಎಂದಿದ್ದರೆ ಕಳ್ಳ ಅರ್ಧ ಸಿಕ್ಕಂತೆ.

ಈ ಪಾಲು ಹಂಚಲೆಂದು 2008ರ ಆವೃತ್ತಿಯಲ್ಲಿ ಬಂದ ರಿಸೋರ್ಸ್ ಗವರ್ನರ್, ಲಾಗಿನ್ ಆಗುವಾಗಲೇ ಪ್ರತಿ ಸಂಪರ್ಕವನ್ನೂ ಒಂದು ವರ್ಕ್‌ಲೋಡ್ ಗುಂಪಿಗೆ ಸೇರಿಸುತ್ತದೆ; ಪ್ರತಿ ಗುಂಪೂ ಒಂದು ಪೂಲ್‌ಗೆ ಸೇರಿರುತ್ತದೆ. ಯಾವ ಗುಂಪು ಎಂದು ತೀರ್ಮಾನಿಸುವುದು ನಾವೇ ಬರೆದ ಕ್ಲಾಸಿಫೈಯರ್ ಫಂಕ್ಷನ್. ಗುಂಪಿನ ಹೆಸರು ‘ರಿಪೋರ್ಟ್’ ಎಂದಿದ್ದು ಫಂಕ್ಷನ್ ‘ರಿಪೋರ್ಟ್ಸ್’ ಎಂದು ಹೇಳಿದರೆ ಯಾವ ದೋಷವೂ ಕಾಣಿಸುವುದಿಲ್ಲ. ಸಂಪರ್ಕ ಸದ್ದಿಲ್ಲದೆ ಡೀಫಾಲ್ಟ್ ಗುಂಪಿಗೆ ಹೋಗಿ ಬೀಳುತ್ತದೆ. ಇಂಥ ಒಂದೇ ಅಕ್ಷರಕ್ಕಾಗಿ ನಾನು ಎರಡು ದಿನ ಕಳೆದಿದ್ದೇನೆ. ಹಾಗಾಗಿ ಸೆಷನ್‌ಗಳ ಪಟ್ಟಿ ತೆರೆದು, ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ಕಣ್ಣಾರೆ ನೋಡಿ.

ಗುಂಪು ಸರಿಯಾಗಿಯೇ ಇದ್ದರೆ ಮೆಮೊರಿ ಗ್ರಾಂಟ್‌ಗಳ (ಕ್ವೆರಿ ಓಡಲು ಮಂಜೂರಾಗುವ ಮೆಮೊರಿ) ಪಟ್ಟಿಗೆ ಬನ್ನಿ. ಗ್ರಾಂಟ್ ಸಿಕ್ಕ ಸಮಯದ ಕಾಲಮ್ ಖಾಲಿ ಇರುವ ಕ್ವೆರಿಗಳು ಇನ್ನೂ ಕಾಯುತ್ತಿವೆ. ಮೆಮೊರಿ ಹಿಡಿದು ಕುಳಿತವು ಎಷ್ಟು ಕೇಳಿದ್ದವು, ನಿಜಕ್ಕೂ ಎಷ್ಟು ಬಳಸಿದವು ಎಂಬುದನ್ನು ಹೋಲಿಸಿ. ಒಂದು ಕ್ವೆರಿಗೆ ಪೂಲ್‌ನ ಕ್ವೆರಿ ಮೆಮೊರಿಯಲ್ಲಿ ಮೊದಲೇ ನಿಗದಿಯಾದ ಮಿತಿ ಶೇ 25. ಹೀಗಾಗಿ ದೊಡ್ಡ ವರದಿಗಳು ಮೂರ್ನಾಲ್ಕು ಒಟ್ಟಿಗೆ ಬಂದರೂ ಉಳಿದವಕ್ಕೆ ಜಾಗವಿಲ್ಲ. ಕೇಳಿದ್ದು ಬೆಟ್ಟದಷ್ಟು, ಬಳಸಿದ್ದು ಹುಲ್ಲಿನಷ್ಟು ಎಂದಾದರೆ ಟೇಬಲ್‌ಗಳ ಬಗ್ಗೆ ಸರ್ವರ್ ಇಟ್ಟುಕೊಂಡ ಅಂಕಿಅಂಶಗಳನ್ನು (ಸ್ಟಾಟಿಸ್ಟಿಕ್ಸ್) ನವೀಕರಿಸಿ: ಹಳೆಯ ಅಂಕಿಅಂಶದಿಂದ ಎಷ್ಟು ಮೆಮೊರಿ ಬೇಕೆಂಬ ಅಂದಾಜು ದಾರಿ ತಪ್ಪುತ್ತದೆ. ಬಳಕೆಯೂ ನಿಜವಾಗಿ ದೊಡ್ಡದಿದ್ದರೆ ಒಟ್ಟಿಗೆ ಓಡುವ ಕ್ವೆರಿಗಳ ಸಂಖ್ಯೆಗೆ ಆ ಗುಂಪಿನಲ್ಲಿ ಮಿತಿ ಹಾಕಿ.

ರಿಸೋರ್ಸ್ ಗವರ್ನರ್‌ನಲ್ಲಿ ಬದಲಾವಣೆ ಮಾಡಿದ ಮೇಲೆ ರೀಕಾನ್ಫಿಗರ್ ಆದೇಶ ಕೊಡದಿದ್ದರೆ ಅದು ಜಾರಿಗೆ ಬರುವುದಿಲ್ಲ. ವಿಂಗಡಣೆ ನಡೆಯುವುದು ಲಾಗಿನ್ ವೇಳೆಯಲ್ಲಾದ್ದರಿಂದ, ಪರೀಕ್ಷೆಗೆ ಹೊಸ ಸಂಪರ್ಕವನ್ನೇ ತೆರೆಯಿರಿ.

ಕ್ಲಾಸಿಫೈಯರ್ ಅನ್ನೇ ತಿದ್ದುವುದಾದರೆ ಇನ್ನೂ ಒಂದು ಎಚ್ಚರ ಬೇಕು. ಅದು ನಿಧಾನವಾದರೆ ಲಾಗಿನ್‌ಗಳೇ ಗಡುವು ಮೀರಿ ಬಿದ್ದುಹೋಗುತ್ತವೆ, ನಿಮ್ಮದೂ ಸೇರಿ. ಆಡಳಿತಗಾರರಿಗೆಂದೇ ಮೀಸಲಾದ ವಿಶೇಷ ಸಂಪರ್ಕಕ್ಕೆ ಮಾತ್ರ ಈ ವಿಂಗಡಣೆ ಅನ್ವಯಿಸುವುದಿಲ್ಲ. ತಿದ್ದುಪಡಿಗೆ ಕೈ ಹಾಕುವ ಮೊದಲೇ ಅದನ್ನು ತೆರೆದಿಟ್ಟುಕೊಂಡಿರಿ.