ಒಣದ್ರಾಕ್ಷಿ ಶೆಡ್‌ನಲ್ಲಿ ತಯಾರಾದ ಸಿಹಿ ವೈನ್: ನನ್ನ ಅನುಭವ

ಒಪ್ಪಂದ ಮಾಡಿಕೊಂಡು ನಮ್ಮಿಂದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ದ್ರಾಕ್ಷಿ ಬೆಳೆಸಿದ್ದ ವೈನರಿಯೊಂದು ಕೊಯ್ಲಿಗೆ ಇನ್ನೊಂದು ವಾರವಿರುವಾಗ ಹಣ್ಣು ಬೇಡವೆಂದು ಹೇಳಿಬಿಟ್ಟಿತು. ವಿಜಯಪುರ ಜಿಲ್ಲೆಯ ನಮ್ಮ ಭಾಗದಲ್ಲಿ ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿ ಆಗಿದ್ದರೆ, ಬೇಗ ಒಣಗಲೆಂದು ಬಳಸುವ ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ಒಣದ್ರಾಕ್ಷಿ ಮಾಡಿಯಾದರೂ ಮಾರಬಹುದಿತ್ತು. ಬೀಜವಿರುವ ಶೆನಿನ್‌ಗೆ ಆ ದಾರಿಯೂ ಇರಲಿಲ್ಲ. ನಾವು ಮೂವರು ಸೇರಿ ಪರವಾನಗಿ ಪಡೆದಿದ್ದ ಸಣ್ಣ ವೈನರಿಯಲ್ಲಿ ಒಂದು ಟ್ಯಾಂಕ್ ಖಾಲಿಯಿತ್ತು, ತೋಟದಲ್ಲಿ ಶೆಡ್ ಖಾಲಿಯಿತ್ತು. ಇಟಲಿಯ ವೆನೆಟೊದಲ್ಲಿ ರೆಚೋಟೊ ಎಂಬ ಸಿಹಿ ವೈನಿಗಾಗಿ, ಸಕ್ಕರೆ ಸಾಂದ್ರವಾಗಲೆಂದು ಹಣ್ಣನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆಂಬುದು ಗೊತ್ತಿದ್ದುದರಿಂದ, ನಮ್ಮ ಫೆಬ್ರುವರಿಯ ಒಣಗಾಳಿಯಲ್ಲಿ ಅದೇ ಕೆಲಸ ಹತ್ತು ದಿನದಲ್ಲಿ ಆಗಬೇಕೆಂದು ಲೆಕ್ಕ ಹಾಕಿದೆ. ‘ಒಣಗಿಸಿ ರಸ ಕಳಕೊಂಡ ಮ್ಯಾಲ ಹಿಂಡೂದಕ್ಕ ಏನ್ ಉಳಿತೈತಿ? ಸಕ್ಕರಿ ಹಾಕಿದರ ಆತಲ್ಲ’ ಎಂದು ಕಾಕಾ ನಕ್ಕರು. ಬೆಂಗಳೂರು ಬ್ಲೂ ಹಣ್ಣಿಗೆ ಸಕ್ಕರೆ ಬೆರೆಸಿದ ಪೋರ್ಟನ್ನೇ ಸಿಹಿ ವೈನ್ ಎಂದು ತಿಳಿದಿರುವ ನಮ್ಮ ಪಾಲುದಾರರ ಅಭಿಪ್ರಾಯವೂ ಅದೇ ಆಗಿತ್ತು.

ಮೊದಲ ವರ್ಷ ಶೆಡ್‌ನ ರೂಢಿಯನ್ನೇ ಪಾಲಿಸಿದ್ದು ನನ್ನ ತಪ್ಪು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿದ ಗೊಂಚಲುಗಳು ನಾಲ್ಕೇ ದಿನದಲ್ಲಿ ಬೇಕಾದಷ್ಟು ಬಾಡಿದವು, ಆದರೆ ರಸದಲ್ಲಿ ಸಾಬೂನಿನಂಥ ರುಚಿ ಉಳಿಯಿತು. ಬಣ್ಣ ಕೆಡದಿರಲೆಂದು ಗಂಧಕದ ಹೊಗೆ ಕೊಟ್ಟಿದ್ದ ಭಾಗದ ರಸದಲ್ಲಂತೂ ಯೀಸ್ಟ್ ಏಳಲೇ ಇಲ್ಲ. ಅದ್ದುವುದನ್ನೂ ಹೊಗೆಯನ್ನೂ ಬಿಟ್ಟ ಮೇಲೆ ಮತ್ತೊಂದು ತೊಂದರೆ ಎದುರಾಯಿತು. ಶೆನಿನ್‌ನ ಗೊಂಚಲು ಬಹಳ ಒತ್ತೊತ್ತು. ಹೊರಗಿನ ಹಣ್ಣು ಸುಕ್ಕುಗಟ್ಟುವಾಗಲೂ ಒಳಗಿನ ಹಣ್ಣು ತೇವವಾಗಿದ್ದು, ಒಡೆದು ಹುಳಿಯಾಗಿ ನೊಣಗಳನ್ನು ಕರೆಯುತ್ತಿತ್ತು. ಸುಮಾರು 800 ಕಿಲೋ ಹಣ್ಣನ್ನು ತಿಪ್ಪೆಗೆ ಸುರಿದೆವು. ಈಗ ಪ್ರತಿ ಗೊಂಚಲನ್ನೂ ಕತ್ತರಿಯಿಂದ ಮೂರ್ನಾಲ್ಕು ಭಾಗ ಮಾಡಿ ಜಾಲಿಯ ಮೇಲೆ ಒಂದೇ ಪದರವಾಗಿ ಹರಡುತ್ತೇವೆ. ಕೂಲಿ ಎರಡು ಪಟ್ಟಾದರೂ ಕೊಳೆತದ್ದು ಬುಟ್ಟಿಗೆ ಒಂದು ಹಿಡಿಯನ್ನು ಮೀರುವುದಿಲ್ಲ. ಹಗಲಿನಲ್ಲಿ ಪರದೆ ಯಾವಾಗ ಇಳಿಸಬೇಕು, ರಾತ್ರಿ ಯಾವಾಗ ಎತ್ತಬೇಕು ಎಂಬುದನ್ನು ನಾನು ಮೂರು ಹಂಗಾಮು ಕಲಿತಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಟ್ಯಾಂಕ್‌ನಲ್ಲಿ. ಎರಡನೆಯ ವರ್ಷ 23 ಬ್ರಿಕ್ಸ್‌ನ (ನೂರು ಗ್ರಾಂ ರಸದಲ್ಲಿ ಸುಮಾರು 23 ಗ್ರಾಂ ಸಕ್ಕರೆ) ಹಣ್ಣು ಶೇ 35ರಷ್ಟು ತೂಕ ಕಳೆದುಕೊಂಡು 35 ಬ್ರಿಕ್ಸ್‌ಗೆ ಏರಿತ್ತು. ಆ ರಸಕ್ಕೆ ಎಂದಿನಂತೆ ಯೀಸ್ಟ್ ಬಿಟ್ಟೆ. ಅಷ್ಟು ಸಕ್ಕರೆಯ ಒತ್ತಡದಲ್ಲಿ ಯೀಸ್ಟ್ ತನ್ನನ್ನು ಕಾಪಾಡಿಕೊಳ್ಳಲು ಗ್ಲಿಸರಾಲ್ ತಯಾರಿಸುತ್ತದೆ, ಅದರ ಜೊತೆಯಲ್ಲೇ ಅಸಿಟಿಕ್ ಆಮ್ಲವನ್ನೂ (ವಿನೆಗರ್‌ನ ಹುಳಿ) ಹೆಚ್ಚಿಸುತ್ತದೆ. ಗ್ಲಿಸರಾಲ್‌ನಿಂದ ವೈನಿಗೆ ಒಳ್ಳೆಯ ಮೈ ಬಂದಿತು, ಆದರೆ ಮೂಗಿಗೆ ಉಗುರುಬಣ್ಣದ ವಾಸನೆ ಹೊಡೆಯಿತು. ಪರೀಕ್ಷೆಯಲ್ಲಿ ಅಸಿಟಿಕ್ ಆಮ್ಲ ಲೀಟರಿಗೆ 1.6 ಗ್ರಾಂ ಆಸುಪಾಸು ಬಂದ ನೆನಪು. ಸಾಲದೆಂಬಂತೆ, ಹುದುಗುವಿಕೆ ನಡೆಯುತ್ತಿರುವಾಗಲೇ ಸಾರ್ಬೇಟ್ ಎಂಬ ಸಂರಕ್ಷಕ ಹಾಕಿ ನಿಲ್ಲಿಸಲು ಹೋದೆ. ಸಾರ್ಬೇಟ್ ಹೊಸ ಯೀಸ್ಟ್ ಬೆಳೆಯುವುದನ್ನು ತಡೆಯುತ್ತದೆಯೇ ಹೊರತು ಆಗಲೇ ಕೋಟಿಗಟ್ಟಲೆ ಇರುವ ಯೀಸ್ಟನ್ನು ನಿಲ್ಲಿಸುವುದಿಲ್ಲ. ಒಂದಷ್ಟು ಬಾಟಲಿಗಳ ಬಿರಡೆ ಹಾರಿದವು. ಉಳಿದವುಗಳಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸಾರ್ಬೇಟನ್ನು ತಿಂದು, ಜಿರೇನಿಯಂ ಎಲೆಯನ್ನು ಹೊಸಕಿದಂಥ ವಾಸನೆ ಬಂದಿತು. ಎರಡು ವರ್ಷಕ್ಕೆ ಒಟ್ಟು ಮೂರೂವರೆ ಲಕ್ಷ ರೂಪಾಯಿ ಹೋಯಿತು, ಪಾಲುದಾರರೊಬ್ಬರು ಬಿಟ್ಟೂ ಹೋದರು.

ಮೂರನೆಯ ವರ್ಷ ಕ್ರಮವನ್ನೇ ತಿರುಗಿಸಿದೆ. ಒಣಗಿಸದ ಹಣ್ಣಿನ ರಸವನ್ನು ಒಟ್ಟು ಪ್ರಮಾಣದ ಕಾಲು ಭಾಗದಷ್ಟು ತೆಗೆದುಕೊಂಡು ಅದರಲ್ಲಿ ಯೀಸ್ಟನ್ನು ಚೆನ್ನಾಗಿ ಎಬ್ಬಿಸಿ, ಬ್ರಿಕ್ಸ್ ಅರ್ಧಕ್ಕೆ ಇಳಿದ ಮೇಲೆ ಬಾಡಿದ ಹಣ್ಣಿನ ರಸವನ್ನು ಕಂತುಕಂತಾಗಿ ಸೇರಿಸುತ್ತ ಹೋದೆ. ಯೀಸ್ಟ್‌ಗೆ ಯಾವ ಗಳಿಗೆಯಲ್ಲೂ 35 ಬ್ರಿಕ್ಸ್‌ನ ಆಘಾತ ತಗಲಲಿಲ್ಲ. ಯೀಸ್ಟ್‌ಗೆ ಸಾರಜನಕದ ಆಹಾರವಾಗುವ ಡಿಎಪಿಯನ್ನು ಒಮ್ಮೆಗೇ ಕೊಡದೆ ಎರಡು ಬಾರಿ ಕೊಟ್ಟೆ. ಉಷ್ಣತೆಯನ್ನು 17–18 ಡಿಗ್ರಿಯಲ್ಲಿ ಹಿಡಿದೆ. ಎಷ್ಟು ಕಂತು, ಕೊನೆಯ ಕಂತು ಯಾವಾಗ ಎಂಬುದು ನನ್ನಲ್ಲೇ ಇರಲಿ. ಆಲ್ಕೋಹಾಲ್ ಶೇ 13ರ ಹತ್ತಿರ ಬಂದಾಗ ಎರಡು ಡಿಗ್ರಿಗೆ ತಣಿಸಿ, ತಳದ ಮಡ್ಡಿಯಿಂದ ಬೇರ್ಪಡಿಸಿ, ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಿ, ಯೀಸ್ಟ್ ದಾಟಲಾರದ 0.45 ಮೈಕ್ರಾನ್ ಫಿಲ್ಟರ್ ಮೂಲಕ ಹಾಯಿಸಿದೆ. ಸಿಹಿ ವೈನ್‌ನಲ್ಲಿ ಸಲ್ಫೈಟಿನ ಬಹುಪಾಲು ಕಟ್ಟಿಕೊಂಡು ನಿಷ್ಕ್ರಿಯವಾಗುತ್ತದೆ. ಒಣಗಿಸುವಾಗ ಪಿಎಚ್ ಕೂಡ 3.4ರಿಂದ 3.7ಕ್ಕೆ ಏರಿ ಸಲ್ಫೈಟಿನ ಬಲ ಇನ್ನಷ್ಟು ಕುಗ್ಗಿದ್ದರಿಂದ, ಸಿಹಿ ಉಳಿಯದ ಡ್ರೈ ವೈನಿಗೆ ಹಾಕುವ ಅಳತೆಯನ್ನೇ ನಂಬಿದ್ದರೆ ಮತ್ತೆ ಕೆಡುತ್ತಿತ್ತು. ಅಸಿಟಿಕ್ ಆಮ್ಲ ಈ ಬಾರಿ 0.7 ಗ್ರಾಂ ದಾಟಲಿಲ್ಲ, ಸಕ್ಕರೆ ಲೀಟರಿಗೆ ಸುಮಾರು 130 ಗ್ರಾಂ ಉಳಿಯಿತು.

ಪಾಲುದಾರರ ಸಮಾಧಾನಕ್ಕಾಗಿ ಅದೇ ತೋಟದ ಹಣ್ಣಿನಿಂದ ಡ್ರೈ ವೈನ್ ಮಾಡಿ, ಅದಕ್ಕೆ ಅಷ್ಟೇ 130 ಗ್ರಾಂ ಸಕ್ಕರೆ ಬೆರೆಸಿ ಪಕ್ಕದಲ್ಲಿಟ್ಟೆ. ಯೀಸ್ಟ್ ಗ್ಲೂಕೋಸನ್ನು ಮೊದಲು ತಿನ್ನುವುದರಿಂದ ನಡುವೆ ನಿಲ್ಲಿಸಿದ ವೈನಿನಲ್ಲಿ ಉಳಿಯುವುದರಲ್ಲಿ ಫ್ರಕ್ಟೋಸ್‌ನ ಪಾಲೇ ಹೆಚ್ಚು. ಬೆರೆಸಿದ ಸಕ್ಕರೆಯಾದರೋ ಹುಳಿಯಲ್ಲಿ ಒಡೆದು ಎರಡೂ ಸಮಸಮನಾಗುತ್ತದೆ. ಫ್ರಕ್ಟೋಸ್ ನಾಲಿಗೆಗೆ ಹೆಚ್ಚು ಸಿಹಿ. ಅದಕ್ಕಿಂತ ಮುಖ್ಯವಾದದ್ದು, ಒಣಗಿದ ಹಣ್ಣಿನಲ್ಲಿ ಸಕ್ಕರೆಯೊಡನೆ ಹುಳಿಯೂ ಸಾಂದ್ರವಾಗಿ ಎರಡೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಮ್ಯಾಲಿಕ್ ಆಮ್ಲ ಶೆಡ್‌ನ ಬಿಸಿಗೆ ಸ್ವಲ್ಪ ಕರಗಿಹೋಗುವುದು, ಟಾರ್ಟರಿಕ್ ಒಂದಷ್ಟು ಹರಳಾಗಿ ಕೂರುವುದು ನಿಜ, ಆದರೂ ಒಟ್ಟು ಆಮ್ಲ ಲೀಟರಿಗೆ ಆರೂವರೆಯಿಂದ ಎಂಟು ಗ್ರಾಂವರೆಗೆ ಬಂದಿತ್ತು. ಸಕ್ಕರೆ ಬೆರೆಸಿದ ಲೋಟವನ್ನು ಎರಡನೆಯ ಗುಟುಕಿಗೆ ಕೆಳಗಿಟ್ಟವರು ಸ್ವತಃ ಕಾಕಾ.

ಬೇರೊಂದು ಪ್ರಯೋಗವಾಗಿ ಒಣಗಿಸದ ಹಣ್ಣಿನ ರಸವನ್ನು ಕ್ಯಾನ್‌ಗಳಲ್ಲಿ ಡೀಪ್ ಫ್ರೀಜರ್‌ಗೆ ಹಾಕಿ ಗಟ್ಟಿಯಾಗಿಸಿ, ಬೋರಲು ಹಾಕಿದೆ. ನೀರು ಮಂಜಾಗಿ ಹಿಂದುಳಿದು, ಮೊದಲು ತೊಟ್ಟಿಕ್ಕಿದ ಮೂರನೇ ಒಂದು ಭಾಗ 34 ಬ್ರಿಕ್ಸ್ ತೋರಿಸಿತು. ಕತ್ತರಿಯಿಲ್ಲ, ನೊಣವಿಲ್ಲ, ಹಸಿ ಹಣ್ಣಿನ ಪರಿಮಳ ಹಾಗೆಯೇ ಉಳಿಯುತ್ತದೆ. ಆದರೆ ಶೆಡ್‌ನ ವೈನಿನಲ್ಲಿ ಬರುವ ಜೇನು, ಒಣ ಅಂಜೂರದ ವಾಸನೆ ಅದಕ್ಕೆ ಬರಲಿಲ್ಲ. ವಿದ್ಯುತ್ ಬಿಲ್ ನೋಡಿ ಕೈಬಿಟ್ಟೆ. ಮಾವಿನ ಹಂಗಾಮಿನಲ್ಲಿ ಫ್ರೀಜರ್ ಖಾಲಿಯಿದ್ದರೆ ಆಪೂಸಿನ ರಸದಲ್ಲಿ ಮತ್ತೊಮ್ಮೆ ನೋಡುವ ಆಸೆಯಿದೆ.

ಲೆಕ್ಕ ಹೀಗಿದೆ: ಒಂದು ಟನ್ ಹಣ್ಣಿಗೆ ನಲವತ್ತು ಸಾವಿರದ ಬೆಲೆ ಹಿಡಿದು, ಕತ್ತರಿಸುವ ಮತ್ತು ಹರಡುವ ಕೂಲಿ ಹನ್ನೆರಡು ಸಾವಿರ ಸೇರಿಸಿದರೆ, ಮಾಮೂಲಿ 600 ಲೀಟರ್ ಸಿಗುವ ಕಡೆ ನನಗೆ 320 ಲೀಟರ್ ರಸ ಸಿಗುತ್ತದೆ. ಅದರಿಂದ 375 ಮಿಲಿಯ ಎಂಟುನೂರು ಬಾಟಲಿ ತುಂಬುತ್ತದೆ. ಕಳೆದ ಹಂಗಾಮಿನ ಮಾಲು ದೀಪಾವಳಿಯೊಳಗೆ ಮುಗಿಯಿತು; ಬಿಟ್ಟು ಹೋಗಿದ್ದ ಪಾಲುದಾರರು ಎರಡು ಪೆಟ್ಟಿಗೆ ಕೇಳಿ ಫೋನ್ ಮಾಡಿದರು, ಆಗ ಒಂದೂ ಉಳಿದಿರಲಿಲ್ಲ. ಒಣಗುವಾಗ ಹಣ್ಣು ಕಂದಾಗಿ ವೈನಿನ ಬಣ್ಣ ಚಹಾದ ಕಡೆಗೆ ವಾಲುವುದು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಈ ಬಾರಿ ರಸಕ್ಕೆ ಗಾಳಿ ತಗಲದಿರಲೆಂದು ಹಿಂಡುವ ಬುಟ್ಟಿಗೆ ಒಣ ಮಂಜುಗಡ್ಡೆ (ಡ್ರೈ ಐಸ್) ಹಾಕಿ ನೋಡಬೇಕೆಂದಿದ್ದೇನೆ.