ಮಂಗಳವಾರದ ಎದುರಾಳಿಗಳು

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದಾಗ ನನಗೆ ಕ್ಯಾಂಪಸ್‌ನಲ್ಲಿ ಸಿಕ್ಕಿದ್ದು ಫುಟ್‌ಬಾಲ್ ಆಫೀಸಿನ ಕೆಲಸ. ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಅಮೆರಿಕನ್ ಫುಟ್‌ಬಾಲ್. ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ತಮಾಷೆ ನೋಡಿ, ಸೀಸನ್‌ನಲ್ಲಿ ಆಟಗಾರರಿಗೆ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಹಾಕಿರುವ ಮಿತಿಯೂ ಅದೇ 20 ಗಂಟೆ.

ನನ್ನ ಕೆಲಸ ಸ್ಕೌಟ್ ಕಾರ್ಡ್ ಬರೆಯುವುದು. ಶನಿವಾರ ಎದುರಾಗುವ ತಂಡದ ವಿಡಿಯೋ ನೋಡಿ, ಅವರ ಒಂದೊಂದು ಪ್ಲೇಯನ್ನೂ, ಅಂದರೆ ಯಾರು ಎಲ್ಲಿಗೆ ಓಡುತ್ತಾರೆ ಅನ್ನುವ ಯೋಜನೆಯನ್ನು, ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ತೋರಿಸಬೇಕು. ಮಂಗಳವಾರ, ಬುಧವಾರ ನಮ್ಮದೇ ಸ್ಕೌಟ್ ಟೀಮ್ ಆ ತಂಡದ ವೇಷ ಕಟ್ಟಿ ನಮ್ಮ ಡಿಫೆನ್ಸ್ ಎದುರು ಅದನ್ನು ಆಡುತ್ತದೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇಂಥ ಕೆಲಸ ಮಾಡುವ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಸಂಬಳ ಇದೆ. ಇಲ್ಲಿರುವವರು ಸ್ಕಾಲರ್‌ಶಿಪ್ ಇಲ್ಲದ ವಾಕ್-ಆನ್ ಹುಡುಗರು ಮತ್ತು ರೆಡ್‌ಶರ್ಟ್ ಮಾಡುತ್ತಿರುವ, ಅಂದರೆ ಆ ವರ್ಷ ಹೆಚ್ಚಾಗಿ ಪಂದ್ಯ ಆಡದೆ ಅಭ್ಯಾಸ ಮಾಡುವ, ಮೊದಲ ವರ್ಷದವರು.

ಮೊದಲ ಸೀಸನ್‌ನಲ್ಲಿ ಗೆರೆ ಸರಿಯಿದ್ದರೆ ಸಾಕು ಅಂದುಕೊಂಡಿದ್ದೆ. ಒಂದು ವಾರ ಎದುರಾಳಿಯ ಬಳಿ ಭಾರಿ ವೇಗದ ರಿಸೀವರ್ (ಓಡಿ ಹೋಗಿ ಚೆಂಡು ಹಿಡಿಯುವವನು) ಇದ್ದ. ನಮ್ಮಲ್ಲಿ ಅವನ ವೇಷ ಹಾಕಿದ ವಾಕ್-ಆನ್ ಹುಡುಗ ಬುದ್ಧಿವಂತ, ಕಾರ್ಡ್‌ನಲ್ಲಿ ಇದ್ದ ಹಾಗೇ ಓಡುತ್ತಿದ್ದ. ಆದರೆ ನಿಧಾನ. ರಿಸೀವರ್‌ನನ್ನು ಕಾಯುವ ನಮ್ಮ ಕಾರ್ನರ್ ಆರಾಮಾಗಿ ತಿರುಗಿ ಚೆಂಡು ನೋಡಿ ತಡೆಯುತ್ತಿದ್ದ. ಕೋಚ್‌ಗೆ ಖುಷಿ, ನನಗೂ ಖುಷಿ. ಶನಿವಾರ ಅದೇ ಪ್ಲೇ ಬಂತು. ಕಾರ್ನರ್ ಅದೇ ಹೊತ್ತಿಗೆ ತಿರುಗಿದ, ಅಷ್ಟರಲ್ಲಿ ರಿಸೀವರ್ ಅವನನ್ನು ದಾಟಿ ಹೋಗಿಯಾಗಿತ್ತು.

ಭಾನುವಾರ ಎರಡು ವಿಡಿಯೋ ಪಕ್ಕಪಕ್ಕ ಇಟ್ಟು ನೋಡಿದೆ. ಕಾರ್ನರ್ ತಪ್ಪು ಮಾಡಿರಲಿಲ್ಲ. ನಾವು ಕಲಿಸಿದ್ದನ್ನೇ ಮಾಡಿದ್ದ. ಎಲ್ಲಿಗೆ ಓಡಬೇಕು ಅಂತ ನನ್ನ ಕಾರ್ಡ್‌ನಲ್ಲಿತ್ತು, ಎಷ್ಟು ಹೊತ್ತಿಗೆ ಅಂತ ಇರಲಿಲ್ಲ. ಭಾರತ ತಂಡದ ನೆಟ್ಸ್‌ನಲ್ಲಿ ಬ್ಯಾಟರ್‌ಗಳಿಗೆ ಚೆಂಡೆಸೆಯುವ ಕುಮಟಾದ ರಘು, ಸೈಡ್‌ಆರ್ಮ್ ಅನ್ನುವ ಉದ್ದ ಹಿಡಿಯ ಸಾಧನ ಹಿಡಿದು ಅಷ್ಟು ಜೋರಾಗಿ ಎಸೆಯುವುದು ಯಾಕೆ ಅಂತ ನನಗೆ ಅವತ್ತು ಸರಿಯಾಗಿ ಅರ್ಥವಾಯಿತು.

ಆಮೇಲೆ ಕಾರ್ಡ್ ಬರೆಯುವ ಮೊದಲು ಸ್ಟಾಪ್‌ವಾಚ್ ಹಿಡಿದು ಕೂತೆ. ನಮ್ಮ ರಿಸೀವರ್ ನಿಧಾನ ಅಂದರೆ ಅವನನ್ನು ಎರಡು ಗಜ ಮುಂದೆ ನಿಲ್ಲಿಸಿದೆವು. ಪಂದ್ಯದಲ್ಲಿ ಅದು ಆಫ್‌ಸೈಡ್, ಅಭ್ಯಾಸದಲ್ಲಿ ಕೇಳುವವರು ಯಾರು? ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಓಡುವವನಾದರೆ, ಎಸೆಯಲು ಬಾರದಿದ್ದರೂ ಪರವಾಗಿಲ್ಲ ಅಂತ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಒಬ್ಬನನ್ನು ಆ ಜಾಗಕ್ಕೆ ಹಾಕಿದೆವು.

ತೀರಾ ಕಷ್ಟವಾದದ್ದು ಮಿಲಿಟರಿ ಅಕಾಡೆಮಿ ತಂಡ ಎದುರಾದ ವಾರ. ಆರ್ಮಿ, ನೇವಿ, ಏರ್ ಫೋರ್ಸ್ ತಂಡಗಳು ಟ್ರಿಪಲ್ ಆಪ್ಷನ್ ಆಟಕ್ಕೆ ಹೆಸರಾದವು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ನಡುವೆ ಓಡುವವನಿಗೆ ಕೊಡಬಹುದು, ತಾನೇ ಓಡಬಹುದು, ಇಲ್ಲ ಪಕ್ಕದವನಿಗೆ ಎಸೆಯಬಹುದು. ಅವರು ವರ್ಷಗಟ್ಟಲೆ ಪಳಗಿಸಿಕೊಂಡಿದ್ದನ್ನು ನಮ್ಮ ಹುಡುಗರು ಎರಡು ದಿನದಲ್ಲಿ ಕಲಿಯೋದು ಹೇಗೆ? ಚೆಂಡು ಬೀಳುತ್ತಿತ್ತು, ಎಲ್ಲರೂ ಅದರ ಹಿಂದೆ. ಕೊನೆಗೆ ಕೋಚ್ ಹಳೆಯ ಉಪಾಯ ಮಾಡಿದರು: ಚೆಂಡನ್ನೇ ತೆಗೆದುಬಿಟ್ಟರು. ಚೆಂಡು ಇಲ್ಲದಿದ್ದರೆ ನೋಡಲು ಏನೂ ಇಲ್ಲ, ಡಿಫೆನ್ಸ್‌ನವರು ತಮ್ಮ ಪಾಲಿಗೆ ಬಂದವನನ್ನೇ ಹೊಡೆಯಬೇಕು. ಮೊದಲ ಹತ್ತು ನಿಮಿಷ ಎಲ್ಲರೂ ನಕ್ಕರು, ಆಮೇಲೆ ಸರಿಹೋಯಿತು. ಮೊಣಕಾಲಿಗೆ ನುಗ್ಗುವ ಕಟ್ ಬ್ಲಾಕ್ ಮಾತ್ರ ಅಭ್ಯಾಸ ಮಾಡಲು ಆಗಲಿಲ್ಲ. ನಮ್ಮವರ ಕಾಲನ್ನು ನಾವೇ ಮುರಿಯೋಕಾಗುತ್ತಾ?

ಸ್ಕೌಟ್ ಟೀಮ್‌ನ ಹುಡುಗ ತುಂಬಾ ಚೆನ್ನಾಗಿ ಆಡಿದರೂ ತಲೆನೋವೇ. 2014ರಲ್ಲಿ ಒಕ್ಲಹೋಮದ ಸ್ಕೌಟ್ ಟೀಮ್‌ನಲ್ಲಿದ್ದದ್ದು ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್. ಕಾಲೇಜು ಬದಲಿಸಿದ್ದಕ್ಕೆ ಆ ವರ್ಷ ಪಂದ್ಯ ಆಡುವಂತಿರಲಿಲ್ಲ, 2017ರಲ್ಲಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ. ಅಂಥವನು ಸಿಗುವುದು ಪುಣ್ಯ. ನಮಗೆ ಸಿಕ್ಕ ರೆಡ್‌ಶರ್ಟ್ ಕ್ವಾರ್ಟರ್‌ಬ್ಯಾಕ್ ಮಾತ್ರ ಕಾರ್ಡ್ ನೋಡಿ ತಲೆಯಾಡಿಸಿ, ತನಗೆ ತೋಚಿದ್ದನ್ನು ಆಡುತ್ತಿದ್ದ. ಡಿಫೆನ್ಸ್ ಬೆವರು ಸುರಿಸುತ್ತಿತ್ತು ನಿಜ, ಆದರೆ ಶನಿವಾರದ ತಂಡದ ಬಗ್ಗೆ ಏನೂ ಕಲಿಯುತ್ತಿರಲಿಲ್ಲ. ಅವನನ್ನು ಬೈದು ಉಪಯೋಗವಾಗಲಿಲ್ಲ. ಪ್ರತಿ ಸರಣಿಯ ಕೊನೆಗೆ ಎರಡು ಪ್ಲೇ ಅವನಿಷ್ಟ ಅಂತ ಬಿಟ್ಟ ಮೇಲೆ ಉಳಿದದ್ದನ್ನು ಕಾರ್ಡ್‌ನಂತೆ ಆಡಿದ.

ನಾನಿದ್ದಾಗ ಸ್ಕಾಲರ್‌ಶಿಪ್ 85 ಜನಕ್ಕೆ, ಅದರ ಮೇಲೆ ವಾಕ್-ಆನ್‌ಗಳು ಬೇಕಾದಷ್ಟು. 2025ರಿಂದ ದೊಡ್ಡ ಕಾಲೇಜುಗಳಲ್ಲಿ ಇಡೀ ತಂಡವೇ 105 ಜನರಿಗೆ ನಿಂತಿದೆ. ಕಾರ್ಡ್‌ನಂತೆ ತಪ್ಪದೆ ಓಡುತ್ತಿದ್ದ ಆ ನಿಧಾನದ ಹುಡುಗನಿಗೆ ಈಗ ಅಲ್ಲಿ ಜಾಗ ಸಿಗುತ್ತಿತ್ತೋ ಇಲ್ಲವೋ.